ಒಲಿಂಪೋಸ್‌ನ ಚಿಕ್ಕಮ್ಮ

ಮೊದಲ ಸಲ ನೋಡಿದಾಗ ಅವರ ಮುಖವೇ ಕಾಣಿಸಲಿಲ್ಲ. ಕಂಡದ್ದು ಒಂದು ದೊಡ್ಡ ಪುಳ್ಳೆ ಹೊರೆ, ಅದರ ಕೆಳಗೆ ಮೊಣಕಾಲಿನ ತನಕ ಬರುವ ಎರಡು ಚರ್ಮದ ಬೂಟು. ಹೊರೆ ಮೆಟ್ಟಿಲು ಹತ್ತಿ ಬರುತ್ತಿತ್ತು, ನಾನು ಇಳಿಯುತ್ತಿದ್ದೆ. ಆ ಓಣಿಯಲ್ಲಿ ಇಬ್ಬರು ಒಟ್ಟಿಗೆ ಹೋಗುವಷ್ಟು ಜಾಗ ಇಲ್ಲ. ಗೋಡೆಗೆ ಅಂಟಿಕೊಂಡು ನಿಂತೆ. ಹೊರೆ ನನ್ನ ಎದುರಿಗೆ ಬಂದು ನಿಂತಿತು. ಒಳಗಿನಿಂದ ಒಂದು ಧ್ವನಿ ಏನೋ ಹೇಳಿತು. ನನಗೆ ಗ್ರೀಕ್ ಬರುವುದಿಲ್ಲ. ಧ್ವನಿ ಅದನ್ನೇ ಮತ್ತೆ ಹೇಳಿತು, ಪುಳ್ಳೆಯ ಮಧ್ಯದಿಂದ ಒಂದು ಬೆರಳು ಹೊರಗೆ ಬಂದು ನನ್ನ ಪಕ್ಕದ ಬಾಗಿಲನ್ನು ತೋರಿಸಿತು. ತಳ್ಳಿದೆ. ಹೊರೆ ಒಳಗೆ ಹೋಯಿತು.

ನಾನು ನಾಲ್ಕು ದಿನ ಉಳಿಯಬೇಕಿದ್ದ ಮನೆ ಅದೇ ಅಂತ ಆಮೇಲೆ ಗೊತ್ತಾಯಿತು. ಅವರಿಗೆ ಆಗ ಎಂಬತ್ತಮೂರು ವರ್ಷ.

ಇದು 2019ರ ಅಕ್ಟೋಬರ್. ಊರಿನ ಹೆಸರು ಒಲಿಂಪೋಸ್. ಗ್ರೀಕ್ ದೇವತೆಗಳ ಒಲಿಂಪಸ್ ಬೆಟ್ಟ ಬೇರೆ, ಅದು ಮುಖ್ಯಭೂಮಿಯಲ್ಲಿದೆ. ಇದು ಗ್ರೀಸ್‌ನ ಕಾರ್ಪಾಥೋಸ್ ದ್ವೀಪದ ಉತ್ತರ ತುದಿಯ ಹಳ್ಳಿ. ಕ್ರೀಟ್ ಮತ್ತು ರೋಡ್ಸ್ ಎರಡರ ನಡುವೆ ಉದ್ದಕ್ಕೆ ಮಲಗಿದ ದ್ವೀಪ. ಸಮುದ್ರದ ಕಡೆಯಿಂದ ಬರುವ ಕಡಲ್ಗಳ್ಳರಿಗೆ ಹೆದರಿ ಜನ ಮೇಲೆ ಹತ್ತಿ, ಬೆಟ್ಟದ ಏಣಿನ ಮೇಲೆ ಮನೆ ಕಟ್ಟಿಕೊಂಡರು. ಹಾಗಾಗಿ ಇಡೀ ಊರು ಬೆಟ್ಟದ ಬೆನ್ನಿಗೆ ಕಚ್ಚಿಕೊಂಡ ಹಾಗೆ ಕಾಣುತ್ತದೆ. ಪಶ್ಚಿಮದ ಗಾಳಿಗೆ ಮುಖ ಮಾಡಿ ಸಾಲಾಗಿ ಗಾಳಿಗಿರಣಿಗಳು. ಕರೆಂಟು ಬಂದದ್ದು 1980ರ ಹೊತ್ತಿಗೆ. ದಕ್ಷಿಣದಿಂದ ಬರುವ ರಸ್ತೆಗೆ ಪೂರ್ತಿ ಡಾಂಬರು ಬಿದ್ದು ಇನ್ನೂ ಜಾಸ್ತಿ ವರ್ಷ ಆಗಿರಲಿಲ್ಲ. ಅಷ್ಟು ಕಾಲ ಹೊರಗಿನವರು ಸುಲಭವಾಗಿ ತಲುಪದ ಕಾರಣಕ್ಕೇ ಇಲ್ಲಿನ ಹಳೆಯ ಹೆಂಗಸರು ಇಂದಿಗೂ ಹಳೆಯ ಉಡುಪಿನಲ್ಲೇ ಇದ್ದಾರೆ. ಕಪ್ಪು ಉಡುಗೆ, ಕಸೂತಿಯ ಏಪ್ರನ್, ಹೂವಿನ ಚಿತ್ರದ ತಲೆವಸ್ತ್ರ, ಮೇಕೆ ಚರ್ಮದ ಬೂಟು. ಪ್ರವಾಸಿಗಳಿಗಾಗಿ ಹಾಕಿಕೊಳ್ಳುವ ವೇಷ ಅಲ್ಲ. ಅವರು ಹೊಲಕ್ಕೆ ಹೋಗುವುದೂ ಅದರಲ್ಲೇ. ಆ ಬೂಟು ಮುಳ್ಳಿನಿಂದಲೂ ಹಾವಿನಿಂದಲೂ ಕಾಲು ಉಳಿಸುತ್ತದೆ.

ನಾನು ಕಾರ್ಕಳದ ಕಡೆಯವಳು, ಈಗ ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ. ಹೆಣ್ಣಿನ ಕಡೆಯಿಂದ ಆಸ್ತಿ ಹೋಗುವ ಒಂದು ಹಳ್ಳಿ ಯುರೋಪಿನಲ್ಲಿ ಇದೆ ಅಂತ ಓದಿದ್ದೇ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಗಿದ್ದು. ತಾಯಿಯ ಕಡೆಯಿಂದಲೇ ಆಸ್ತಿ ಇಳಿಯುವ ಅಳಿಯಕಟ್ಟಿನ ಮನೆಯಲ್ಲಿ ಹುಟ್ಟಿದವರಿಗೆ ಆ ಸಾಲು ಕಣ್ಣಿಗೆ ಬಿದ್ದರೆ ಸುಮ್ನೆ ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ.

ಮೊದಲ ಸಂಜೆ ನಾನು ಅವರನ್ನು "ಯಾಯಾ" ಅಂತ ಕರೆದೆ. ಗ್ರೀಕ್‌ನಲ್ಲಿ ಅಜ್ಜಿ. ಗೊತ್ತಿದ್ದ ನಾಲ್ಕೈದು ಪದಗಳಲ್ಲಿ ಅದೂ ಒಂದು. ಅವರು ಒಲೆಯ ಬೂದಿ ಬಳಿಯುತ್ತಿದ್ದವರು ನಿಲ್ಲಿಸಿ, ನನ್ನತ್ತ ತಿರುಗಿ, ಬೆರಳು ಆಡಿಸಿ ಹೇಳಿದರು: "ಯಾಯಾ ಅಲ್ಲ. ಥಿಯಾ."

ಥಿಯಾ ಅಂದರೆ ಅತ್ತೆ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲವೂ. ಗ್ರೀಕರಿಗೆ ಮೂರಕ್ಕೂ ಒಂದೇ ಪದ. ಇಲ್ಲಿ ಮಾತ್ರ ಕನ್ನಡವೇ ಸರಿಯಾಗಿ ಕೂರುತ್ತದೆ. ಅವರು ಚಿಕ್ಕಮ್ಮ. ಅಕ್ಕನ ತಂಗಿ. ಅವರ ಬದುಕಿನ ಪೂರ್ತಿ ಕತೆ ಆ ಒಂದು ಪದದಲ್ಲೇ ಇದೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಅವರ ಅಕ್ಕನ ಮಗಳಿಂದ. ಆಕೆ ಅಥೆನ್ಸ್ ಪಕ್ಕದ ಬಂದರು ಪಿರೇಯಸ್‌ನವರು, ಐವತ್ತೈದರ ಹೆಂಗಸು. ಮನೆಯ ಮಾಡು ರಿಪೇರಿಗೆ ಅಂತ ಆ ವಾರ ಊರಿಗೆ ಬಂದಿದ್ದರು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನಮ್ಮ ಮಧ್ಯೆ ಮಾತು ದಾಟಿಸಿದ್ದು ಅವರೇ. ಮನೆ ಕಾಗದದಲ್ಲಿ ಇರುವುದೂ ಅವರ ಹೆಸರಿನಲ್ಲೇ.

ಒಲಿಂಪೋಸ್‌ನ ಕಟ್ಟಳೆ ಹೀಗಿತ್ತು. ತಾಯಿಯ ಆಸ್ತಿಯೆಲ್ಲ ಮೊದಲ ಮಗಳಿಗೆ, ತಂದೆಯದು ಮೊದಲ ಮಗನಿಗೆ. ಆ ಮೊದಲ ಮಗಳನ್ನು 'ಕನಕಾರಾ' ಅನ್ನುತ್ತಾರೆ. ಅವಳಿಗೆ ತಾಯಿಯ ತಾಯಿಯ ಹೆಸರು ಇಡುತ್ತಾರೆ, ಹೆಸರಿನ ಜೊತೆಗೆ ಮನೆ, ಹೊಲ, ಮೈಮೇಲೆ ಹಾಕುವ ಚಿನ್ನದ ನಾಣ್ಯದ ಸರಗಳೂ ಬರುತ್ತವೆ. ಮದುವೆಯಾದರೆ ಗಂಡ ಹೆಂಡತಿಯ ಮನೆಗೆ ಬಂದು ಇರುತ್ತಾನೆ. ಆಗಸ್ಟ್ 15ರ ಮಾತೆ ಮರಿಯಾಳ ಹಬ್ಬದಲ್ಲಿ ಕನಕಾರಾಗಳು ಎದೆ ತುಂಬ ನಾಣ್ಯ ಹಾಕಿಕೊಂಡು ಕೈ ಕೈ ಹಿಡಿದು ಕುಣಿಯುವ ಚಿತ್ರಗಳನ್ನು ನಾನೂ ನೋಡಿದ್ದೆ. ಎಷ್ಟು ಖುಷಿಪಟ್ಟಿದ್ದೆ! ನೋಡಿ, ಇಲ್ಲೂ ಹೆಣ್ಣೇ ಮನೆಯೊಡತಿ, ಅಂತ.

ಹಾಗಾದರೆ ಎರಡನೇ ಮಗಳಿಗೆ ಏನು? ಈ ಪ್ರಶ್ನೆ ನನಗೆ ಒಂದು ಸಲವೂ ಬಂದಿರಲಿಲ್ಲ.

ಎರಡನೆಯವಳಿಗೆ ಏನೂ ಇಲ್ಲ. ಹೊಲ ಕಡಿಮೆ, ಕಲ್ಲು ಜಾಸ್ತಿ ಇರುವ ಬೆಟ್ಟದಲ್ಲಿ ಆಸ್ತಿ ಚೂರು ಮಾಡಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ ಅನ್ನುವುದು ಕಟ್ಟಳೆಯ ಹಿಂದಿನ ಲೆಕ್ಕ. ಆ ಲೆಕ್ಕದಲ್ಲಿ ಎಷ್ಟೋ ತಂಗಿಯರು ಮದುವೆಯಾಗದೆ, ಅಕ್ಕನ ಮನೆಯಲ್ಲಿ, ಅಕ್ಕನ ಹೊಲದಲ್ಲಿ ಕೂಲಿ ಇಲ್ಲದೆ ದುಡಿದು ಮುದುಕಿಯರಾದರು. ಥಿಯಾ ಅಂಥವರಲ್ಲಿ ಒಬ್ಬರು.

ನಮ್ಮ ಮನೆಯಲ್ಲೂ ಅಳಿಯಕಟ್ಟಿನ ಬಗ್ಗೆ ಹೆಮ್ಮೆಯ ಮಾತು ಕೇಳುತ್ತಲೇ ಬೆಳೆದವಳು ನಾನು. ನಮ್ಮ ಬಳಿ, ಅಂದರೆ ಕುಲ, ತಾಯಿಯದು, ಮನೆ ಹೆಣ್ಣುಮಕ್ಕಳದು, ಅಂತ. ಎಲ್ಲ ನಿಜ. ಆದರೆ ಕೀಲಿಕೈ ಇದ್ದದ್ದು ಸೋದರಮಾವನ ಸೊಂಟದಲ್ಲಿ, ಯಜಮಾನಿಕೆ ಅವರದು. 1949ರ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ದಾರಿ ತೆರೆದ ಮೇಲೆ ಎಷ್ಟು ಗುತ್ತಿನ ಮನೆಗಳಲ್ಲಿ ಎಷ್ಟು ವರ್ಷ ವ್ಯಾಜ್ಯ ನಡೆಯಿತು ಅಂತ ನಮ್ಮೂರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಆಸ್ತಿ ಹೆಣ್ಣಿನ ಮೂಲಕ ಹೋಗುವುದಕ್ಕೂ ಹೆಣ್ಣಿನ ಕೈಯಲ್ಲಿ ಇರುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಒಲಿಂಪೋಸ್‌ನಲ್ಲಿ ಹೆಣ್ಣಿನ ಕೈಯಲ್ಲೇ ಇತ್ತು. ಒಬ್ಬಳ ಕೈಯಲ್ಲಿ. ಇನ್ನೊಬ್ಬಳ ಕೈಯಲ್ಲಿ ಆ ಒಬ್ಬಳ ಹೊಲದ ಗುದ್ದಲಿ.

ಎರಡನೇ ದಿನ ಬೆಳಗ್ಗೆ ನಾಲ್ಕೂವರೆಗೆ ಥಿಯಾ ಬಾಗಿಲು ಬಡಿದರು. ರೊಟ್ಟಿ ಸುಡುವ ದಿನ. ನೋಡಬೇಕು ಅಂತ ಹಿಂದಿನ ದಿನ ನಾನೇ ಕೇಳಿಕೊಂಡಿದ್ದೆ.

ಮರದ ಮರಿಗೆಯಲ್ಲಿ ಹಿಟ್ಟು ರಾತ್ರಿಯೇ ಕಲಸಿ, ಕಂಬಳಿ ಹೊದಿಸಿ ಮಲಗಿಸಿದ್ದರು. ಹುಳಿಹಿಟ್ಟು ಒಂದು ತಿಂಗಳ ಹಿಂದಿನದು. ಸೆಪ್ಟೆಂಬರ್ 14ರಂದು ಶಿಲುಬೆಯ ಹಬ್ಬ. ಆ ದಿನ ಚರ್ಚಿನಲ್ಲಿ ಕೊಟ್ಟ ತುಳಸಿಯಂಥ ಗಿಡದ ಎಲೆ ಇಟ್ಟು ಹೊಸ ಹುಳಿ ಎಬ್ಬಿಸುತ್ತಾರೆ, ಅದು ವರ್ಷವಿಡೀ ನಡೆಯಬೇಕು. ಕಂಬಳಿ ತೆಗೆದು ಅವರು ಹಿಟ್ಟಿಗೆ ಎರಡೂ ಮುಷ್ಟಿ ಇಳಿಸಿದರು. ತೋಳಿನಿಂದ ನಾದುತ್ತಿರಲಿಲ್ಲ. ಹಿಮ್ಮಡಿಯಿಂದ ಬಲ ಎತ್ತಿ, ಸೊಂಟ ದಾಟಿಸಿ, ಭುಜದಿಂದ ಕೆಳಗೆ ಬಿಡುತ್ತಿದ್ದರು. ನಾನೂ ಸ್ವಲ್ಪ ನಾದಿದೆ. ಎರಡು ನಿಮಿಷಕ್ಕೆ ರಟ್ಟೆ ಸೋತಿತು. ಅವರು ನನ್ನ ಬೆನ್ನಿಗೆ ಅಂಗೈ ಇಟ್ಟು, ಸೊಂಟದ ಹತ್ತಿರ ಒತ್ತಿದರು. ಇಲ್ಲಿಂದ, ಅನ್ನುವ ಹಾಗೆ. ಆ ಅಂಗೈಯ ಗಟ್ಟಿತನ ಅಂಗಿಯ ಮೇಲಿಂದಲೂ ತಿಳಿಯುತ್ತಿತ್ತು, ಒಣಗಿದ ತೆಂಗಿನ ಮಡಲಿನ ಬುಡದ ಹಾಗೆ.

ಒಲೆ ಮನೆಯ ಹೊರಗೆ, ಓಣಿಯ ಅಂಚಿನಲ್ಲಿ. ಸುಣ್ಣ ಬಳಿದ ಗುಮ್ಮಟ, ಎದುರಿಗೆ ತಲೆ ತೂರುವಷ್ಟು ಬಾಯಿ. ಪುಳ್ಳೆ ತುಂಬಿ ಬೆಂಕಿ ಹಾಕಿದರು. ಜ್ವಾಲೆ ಮೇಲಕ್ಕೆ ಹೋಗಿ ಗುಮ್ಮಟಕ್ಕೆ ಬಡಿದು, ಸುರುಳಿ ಸುತ್ತಿ ಬಾಯಿಯಿಂದ ಹೊರಗೆ ನಾಲಿಗೆ ಚಾಚುತ್ತಿತ್ತು. ಒಳಗಿನ ಕಲ್ಲುಗಳೆಲ್ಲ ಮೊದಲು ಮಸಿ ಹಿಡಿದು ಕಪ್ಪಾದವು. ಕಾದು ಕಾದು ಒಂದು ಹೊತ್ತಿನಲ್ಲಿ ಆ ಮಸಿಯೇ ಸುಟ್ಟು ಹೋಗಿ ಕಲ್ಲು ಬೆಳ್ಳಗಾಗಲು ಶುರುವಾಯಿತು. ಅದೇ ಲೆಕ್ಕ. ಥರ್ಮಾಮೀಟರ್ ಬೇಡ. ಕೆಂಡ ಬದಿಗೆ ಎಳೆದು, ಉದ್ದ ಕೋಲಿಗೆ ಕಟ್ಟಿದ ಒದ್ದೆ ಬಟ್ಟೆಯಿಂದ ನೆಲ ಒರೆಸಿದರು. ಉಸ್ ಅಂತ ಹಬೆ ಎದ್ದಿತು. ಆಮೇಲೆ ಬರಿಗೈಯನ್ನು ಮೊಣಕೈ ತನಕ ಒಳಗೆ ಚಾಚಿ, ತುಟಿಯಲ್ಲೇ ಎಣಿಸಿದರು. ಕೈ ತೆಗೆದು ತಲೆ ಆಡಿಸಿದರು. ಇನ್ನೊಂದು ಸಲ ಒದ್ದೆ ಬಟ್ಟೆ. ಮತ್ತೆ ಕೈ. ಈಗ ಸರಿ.

ಹದಿನಾಲ್ಕು ರೊಟ್ಟಿ ಒಳಗೆ ಹೋದವು. ಎಳ್ಳು ಹಚ್ಚಿದ ದುಂಡನೆಯ ರೊಟ್ಟಿ, ಒಂದೊಂದೂ ಕಿಲೋಗಿಂತ ಜಾಸ್ತಿ. ತೆಗೆದಾಗ ಪ್ರತಿಯೊಂದನ್ನೂ ಮಗುಚಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು ಕೇಳಿದರು. ಟೊಳ್ಳು ಸದ್ದು ಬಂದರೆ ಬೆಂದಿದೆ. ನಮ್ಮಲ್ಲಿ ಎಳನೀರು, ಹಲಸಿನ ಹಣ್ಣು ತಟ್ಟಿ ನೋಡುತ್ತಾರಲ್ಲ, ಅದೇ ಗೆಣ್ಣು, ಅದೇ ಓರೆ ಕಿವಿ.

ಹನ್ನೊಂದು ಗಂಟೆಗೆ ಪ್ರವಾಸಿಗಳು ಬಂದರು. ದಕ್ಷಿಣದ ಪಿಗಾಡಿಯಾದಿಂದ ದೋಣಿ ದಿಯಾಫಾನಿ ಬಂದರಿಗೆ, ಅಲ್ಲಿಂದ ಬಸ್ಸು ಮೇಲಕ್ಕೆ. ಮಧ್ಯಾಹ್ನ ಮೂರರ ತನಕ ಓಣಿ ತುಂಬ ಜನ. ಒಬ್ಬ ಗಂಡಸು ಕೇಳದೆಯೇ ಥಿಯಾ ಮುಖದ ಹತ್ತಿರ ಕ್ಯಾಮೆರಾ ಹಿಡಿದ. ಅವರು ಕೈಯಲ್ಲಿದ್ದ ರೊಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದರು. ಅವನು ಪಕ್ಕಕ್ಕೆ ಹೋದ, ರೊಟ್ಟಿಯೂ ಪಕ್ಕಕ್ಕೆ ಹೋಯಿತು. ಕೊನೆಗೆ ಅವನು ಕ್ಯಾಮೆರಾ ಇಳಿಸಿ, ತಲೆ ಬಾಗಿಸಿ, ಒಂದು ರೊಟ್ಟಿ ಕೊಂಡ. ಅದಕ್ಕೆ ಸರಿಯಾದ ಬೆಲೆ ತೆಗೆದುಕೊಂಡರು, ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. ನಾನು ಅವರ ಒಂದು ಫೋಟೊವನ್ನೂ ತೆಗೆಯಲಿಲ್ಲ. ಈ ಬರಹದ ಜೊತೆ ಚಿತ್ರ ಇಲ್ಲದಿರುವುದಕ್ಕೆ ಕಾರಣ ಅದೇ.

ಅವರು ಹುಟ್ಟಿದ್ದು 1936ರಲ್ಲಿ. ಆಗ ಆ ದ್ವೀಪ ಗ್ರೀಸ್‌ನದೇ ಆಗಿರಲಿಲ್ಲ. 1912ರಲ್ಲಿ ತುರ್ಕರಿಂದ ಇಟಲಿಯ ಕೈಗೆ ಹೋದ ದ್ವೀಪಗಳಲ್ಲಿ ಅದೂ ಒಂದು. 1943ರಲ್ಲಿ ಜರ್ಮನ್ನರು ಹಿಡಿದರು, 1944ರ ಅಕ್ಟೋಬರ್‌ನಲ್ಲಿ ಬಿಟ್ಟು ಹೋದರು. ಗ್ರೀಸ್‌ಗೆ ಸೇರಿದ್ದು 1948ರ ಮಾರ್ಚ್‌ನಲ್ಲಿ. ಹನ್ನೆರಡು ತುಂಬುವ ಮೊದಲೇ ಅವರು ಇಷ್ಟು ಬಾವುಟ ನೋಡಿದ್ದರು. ನಾನು ಅದರ ಬಗ್ಗೆ ಕೇಳಿದರೆ ಅವರಿಗೆ ಹೇಳಲು ಇದ್ದದ್ದು ಹಸಿವಿನ ಕತೆ ಮಾತ್ರ. ಹೊಲದ ಬದುವಿನಲ್ಲಿ ಸೊಪ್ಪು ಹೆಕ್ಕಿ ಬೇಯಿಸಿ ತಿಂದದ್ದು. ಅಕ್ಕನಿಗೆ ಒಂದು ಸೌಟು ಜಾಸ್ತಿ ಬಡಿಸುತ್ತಿದ್ದದ್ದು. "ಅವಳು ಮನೆ ನಡೆಸಬೇಕಾದವಳಲ್ವಾ" ಅಂದರು. ಅಕ್ಕನ ಮಗಳು ಅದನ್ನು ಇಂಗ್ಲಿಷಿಗೆ ತರುವಾಗ ಸ್ವಲ್ಪ ತಡೆದರು.

ಅವರ ಮದುವೆಯ ವಿಷಯ ಬಂದದ್ದು ಮಕರೂನೆಸ್ ಮಾಡುವಾಗ. ಹಿಟ್ಟಿನ ಸಣ್ಣ ತುಂಡನ್ನು ಹಲಗೆಯ ಮೇಲಿಟ್ಟು ಬೆರಳ ತುದಿಯಿಂದ ಒತ್ತಿ ಎಳೆದರೆ ಪುಟ್ಟ ದೋಣಿಯಂಥ ಆಕಾರ ಬರುತ್ತದೆ. ಬೇಯಿಸಿ, ಕೆಂಪಗೆ ಹುರಿದ ಈರುಳ್ಳಿ ಮತ್ತು ಚೀಸ್ ಹಾಕಿ ತಿನ್ನುವುದು. ನೂರಾರು ದೋಣಿ ಒತ್ತುತ್ತಾ ಒತ್ತುತ್ತಾ ಹೇಳಿದರು: ಇಪ್ಪತ್ತೆರಡರಲ್ಲಿ ಒಬ್ಬ ಕೇಳಿ ಬಂದಿದ್ದ. ದಿಯಾಫಾನಿಯವನು, ಮೀನು ಹಿಡಿಯುವವನು. ಆವ್ಲೋನಾದ ಹೊಲ ಯಾರು ನೋಡಿಕೊಳ್ಳುತ್ತಾರೆ ಅಂತ ಅಪ್ಪ ಕೇಳಿದರು. ಅಷ್ಟೇ, ಅವನು ಮತ್ತೆ ಬರಲಿಲ್ಲ. ಮುಂದಿನ ದೋಣಿ. ಅದರ ಮುಂದಿನ ದೋಣಿ. ಗ್ರೀಸ್‌ನಲ್ಲಿ ವರದಕ್ಷಿಣೆಯನ್ನು ಕಾನೂನಿನಿಂದ ತೆಗೆದುಹಾಕಿದ್ದು 1983ರಲ್ಲಿ. ಅಷ್ಟರಲ್ಲಿ ಅವರಿಗೆ ನಲವತ್ತೇಳು.

1968ರಲ್ಲಿ ಅಕ್ಕ ಗಂಡ, ಮಗಳ ಜೊತೆ ಪಿರೇಯಸ್‌ಗೆ ಹೋದರು. ಆ ಕಾಲದಲ್ಲಿ ಊರಿಗೆ ಊರೇ ಖಾಲಿಯಾಗುತ್ತಿತ್ತು. ಕೆಲವರು ರೋಡ್ಸ್‌ಗೆ, ಕೆಲವರು ಅಮೆರಿಕಕ್ಕೆ. ಕನಕಾರಾ ಹೋದಳು, ತಂಗಿ ಉಳಿದಳು. ಅವರದಲ್ಲದ ಮನೆಯ ಮಾಡಿನ ಮಣ್ಣನ್ನು ಪ್ರತಿ ಮಳೆಗಾಲದ ಮೊದಲು ತುಳಿದು ಗಟ್ಟಿ ಮಾಡಿದರು. ಅವರದಲ್ಲದ ಹೊಲದ ಕಲ್ಲುಕಟ್ಟೆ ಬಿದ್ದಾಗ ಎತ್ತಿ ಕಟ್ಟಿದರು. ಐವತ್ತೊಂದು ವರ್ಷ.

ಇದನ್ನು ತ್ಯಾಗ ಅಂತ ಕರೆಯಲು ನನಗೆ ಮನಸ್ಸಿಲ್ಲ. ತ್ಯಾಗ ಮಾಡಲು ಮೊದಲು ಕೈಯಲ್ಲಿ ಏನಾದರೂ ಇರಬೇಕು. ಅವರಿಗೆ ಆಯ್ಕೆಯನ್ನೇ ಕೊಟ್ಟಿರಲಿಲ್ಲ, ಅದು ಅನ್ಯಾಯ. ಅವರ ಗಟ್ಟಿತನವನ್ನು ಹೊಗಳುವ ಭರದಲ್ಲಿ ಆ ಅನ್ಯಾಯವನ್ನು ಮರೆಯುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯ ಅಂತ ನನಗೆ ಅನಿಸುತ್ತದೆ. ಆದರೂ ಅವರನ್ನು ನೋಡಿ ನನಗೆ ಬಂದದ್ದು ಅಯ್ಯೋ ಪಾಪ ಅನ್ನುವ ಭಾವನೆ ಅಲ್ಲ. ಗೌರವ. ಹತ್ತಿರ ನಿಲ್ಲಲು ಸ್ವಲ್ಪ ಹೆದರಿಕೆ ಆಗುವಂಥ ಗೌರವ.

ಅಕ್ಕನ ಮಗಳು ಒಂದು ರಾತ್ರಿ ನನ್ನೊಬ್ಬಳ ಹತ್ತಿರ ಹೇಳಿದ ಮಾತು ಇದು. ಗ್ರೀಸ್ ದೇಶದ ಸಾಲದ ಬಿಕ್ಕಟ್ಟಿನ ವರ್ಷಗಳಲ್ಲಿ ಅವರ ಕೆಲಸ ಹೋಯಿತು. ಗಂಡನ ಸಂಬಳ ಅರ್ಧಕ್ಕೆ ಇಳಿಯಿತು. 2015ರ ಬೇಸಿಗೆಯಲ್ಲಿ ಬ್ಯಾಂಕುಗಳನ್ನೇ ಮುಚ್ಚಿ, ಎಟಿಎಂನಿಂದ ದಿನಕ್ಕೆ ಅರವತ್ತು ಯೂರೊ ಮಾತ್ರ ಅಂದರಲ್ಲ, ಆ ಸಮಯ. ಹಳ್ಳಿಯಿಂದ ಹಡಗಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಣರೊಟ್ಟಿ, ಎಣ್ಣೆ, ಚೀಸ್, ಆಲೂಗಡ್ಡೆ, ಒಂದು ಚೀಲ ಮಕರೂನೆಸ್. ಮುಂದಿನ ಹಡಗಿನಲ್ಲಿ ಇನ್ನೊಂದು. ಒಂದು ಪೆಟ್ಟಿಗೆಯಲ್ಲಿ ಹಿಟ್ಟಿನ ಚೀಲದೊಳಗೆ ಕರವಸ್ತ್ರದಲ್ಲಿ ಕಟ್ಟಿದ ದುಡ್ಡು ಸಿಕ್ಕಿತು. ಥಿಯಾಗೆ ಬರುತ್ತಿದ್ದದ್ದು ರೈತರ ಸಣ್ಣ ಪಿಂಚಣಿ. "ನಾನು ಫೋನ್ ಮಾಡಿ ಅತ್ತುಬಿಟ್ಟೆ" ಅಂದರು. "ಅವರು, ಹಿಟ್ಟಿಗೆ ಹುಳ ಬಂದಿಲ್ಲ ತಾನೇ ಅಂತ ಕೇಳಿ ಫೋನ್ ಇಟ್ಟರು."

ಆಸ್ತಿ ಪಡೆದ ಮನೆತನವನ್ನು ಆಸ್ತಿ ಸಿಗದವರು ಸಾಕಿದರು. ಆಕೆ ಇದನ್ನು ಹೇಳುವಾಗ ತಲೆ ಎತ್ತಲಿಲ್ಲ. ಅಜ್ಜಿಯ ಚಿನ್ನದ ನಾಣ್ಯದ ಸರ ತನ್ನ ಹತ್ತಿರ ಇದೆ, ಅದನ್ನು ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ ಅಂದರು. ಒಂದು ಸಲ ಥಿಯಾಗೆ ಕೊಡಲು ಹೋದರಂತೆ. ಥಿಯಾ ಸಿಟ್ಟಾದರಂತೆ. ಯಾಕೆ ಸಿಟ್ಟು ಅಂತ ಕೇಳಿದೆ. "ಈಗ ಕೊಡ್ತೀಯಾ? ಅಂದರು."

ಮೂರನೇ ದಿನ ಥಿಯಾ ಜೊತೆ ಆವ್ಲೋನಾಗೆ ನಡೆದೆ. ಒಲಿಂಪೋಸ್‌ನವರ ಹೊಲಗಳಿರುವ ಜಾಗ ಅದು, ಬಿತ್ತನೆ ಕೊಯ್ಲಿನ ಕಾಲದಲ್ಲಿ ಅಲ್ಲೇ ಹೋಗಿ ಉಳಿಯುತ್ತಿದ್ದರು. ಕತ್ತೆಯ ಮೇಲೆ ಚೀಲ, ಪಕ್ಕದಲ್ಲಿ ನಾವು. ದಾರಿಯಲ್ಲಿ ನಾನು ಮೂರು ಸಲ ಕೂತೆ, ಅವರು ಒಂದು ಸಲವೂ ಕೂರಲಿಲ್ಲ. ನಾನು ಕೂತಾಗ ಅವರು ಸುತ್ತಲಿನ ಪುಳ್ಳೆ ಹೆಕ್ಕುತ್ತಿದ್ದರು. ಮೊದಲ ಮಳೆ ಬಿದ್ದಿತ್ತು, ಬಾರ್ಲಿ ಬಿತ್ತುವ ಹೊತ್ತು. ಮಣ್ಣನ್ನು ಒಂದು ಹಿಡಿ ತೆಗೆದು ಹಿಸುಕಿ, ಬಿಟ್ಟು ನೋಡಿದರು. ಉಂಡೆ ಒಡೆಯಿತು. ಇನ್ನೂ ಎರಡು ದಿನ ಬೇಕು, ಅಂತ ಬೆರಳಿನಲ್ಲಿ ತೋರಿಸಿದರು.

ಆ ಸಂಜೆ ನಾನು ಕೇಳಬಾರದೋ ಏನೋ ಅನ್ನುತ್ತಲೇ ಕೇಳಿದೆ. ಇಷ್ಟೆಲ್ಲ ಮಾಡಿದ ಮನೆ ನಿಮ್ಮದಲ್ಲ ಅಂತ ಬೇಜಾರಿಲ್ವಾ? ಕನಕಾರಾಳ ಮಗಳು ಆ ಪ್ರಶ್ನೆಯನ್ನು ತನ್ನ ಬಾಯಿಂದಲೇ ದಾಟಿಸಬೇಕಿತ್ತು. ದಾಟಿಸಿದರು. ಥಿಯಾ ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. "ಬೇಜಾರಿದೆ" ಅಂದರು. ಎದ್ದು ಹೊರಗೆ ಹೋದರು. ನಾವೂ ಹಿಂದೆಯೇ ಹೋದೆವು. ಒಲೆಯ ಗುಮ್ಮಟದ ಮೇಲೆ ಕೈ ಇಟ್ಟು ನಿಂತಿದ್ದರು. ಈ ಒಲೆ ಅಮ್ಮನದಲ್ಲ, ಅಕ್ಕನದಲ್ಲ, ಅಂದರು. ಹಳೆಯದು ಕುಸಿದ ಮೇಲೆ 1971ರಲ್ಲಿ ನಾನೇ ಕಟ್ಟಿದ್ದು. ಕಲ್ಲು ಆವ್ಲೋನಾ ದಾರಿಯಿಂದ ಹೊತ್ತು ತಂದದ್ದು, ಒಂದೊಂದಾಗಿ. ಇದು ಯಾವ ಕಾಗದದಲ್ಲೂ ಇಲ್ಲ. ಹಾಗಾಗಿ ಇದು ನನ್ನದು.

ಅಕ್ಕನ ಮಗಳು ಕೊನೆಯ ವಾಕ್ಯವನ್ನು ಇಂಗ್ಲಿಷಿಗೆ ತರಲಿಲ್ಲ. ಹೋಗಿ ಚಿಕ್ಕಮ್ಮನ ಪಕ್ಕದಲ್ಲಿ ನಿಂತರು. ಅದನ್ನು ನನಗೆ ಹೇಳಿದ್ದು ಮಾರನೆಯ ದಿನ.

ಆ ಮಾರನೆಯ ದಿನವೇ ನಾನು ಹೊರಡುವುದಿತ್ತು. ದಿಯಾಫಾನಿಯಿಂದ ರೋಡ್ಸ್ ಹಡಗು. ಬೆಳಗ್ಗೆ ಎದ್ದು ನೋಡಿದರೆ ಥಿಯಾ ಬಕೆಟ್ಟಿನಲ್ಲಿ ಮಣ್ಣು, ಒಣಹುಲ್ಲಿನ ಚೂರು ಕಲಸುತ್ತಿದ್ದರು. ಒಲೆಯ ಹಿಂಭಾಗದಲ್ಲಿ ಒಂದು ಮೊಳ ಉದ್ದದ ಬಿರುಕು. ಮಳೆ ಜೋರಾಗುವ ಮೊದಲು ಮುಚ್ಚಬೇಕು. ನಾನು ಬಕೆಟ್ಟು ಹಿಡಿದೆ. ಅವರು ನನ್ನ ಕೈ ಹಿಡಿದು, ಹೆಬ್ಬೆರಳನ್ನು ಬಿರುಕಿಗೆ ಇಟ್ಟು, ಒತ್ತಿ ತೋರಿಸಿದರು. ಮೇಲೆ ಮೇಲೆ ಸವರಿದರೆ ಆಗದು, ಮಣ್ಣು ಒಳಗೆ ಹೋಗಬೇಕು. ಒತ್ತಿದೆ. ಸಾಲದು ಅಂದರು. ಇನ್ನೂ ಒತ್ತಿದೆ.

ಕೆಳಗೆ ಬಸ್ಸು ಹಾರನ್ ಹಾಕಿತು. ಕೈ ತೊಳೆಯಲು ಸಮಯ ಇರಲಿಲ್ಲ. ಅಕ್ಕನ ಮಗಳು ಚೀಲ ಎತ್ತಿಕೊಟ್ಟರು, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ರೊಟ್ಟಿ. ಥಿಯಾ ಮಣ್ಣಿನ ಕೈಯಿಂದಲೇ ನನ್ನ ಗಲ್ಲ ಹಿಡಿದು ಒಮ್ಮೆ ಅಲ್ಲಾಡಿಸಿದರು. ಮೆಟ್ಟಿಲ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಅವರು ನೋಡುತ್ತಿರಲಿಲ್ಲ. ಬಿರುಕು ಇನ್ನೂ ಅರ್ಧ ಬಾಕಿ ಇತ್ತು.